ಘಟ್ಟದ ಮಳೆ, ಸೈದಾಪುರದ ನೆಲ

(ಉಪನ್ಯಾಸದ ಬರಹರೂಪ)



ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲುಮಾರ್ಗದಲ್ಲಿ ವಾಡಿ, ಯಾದಗಿರಿಗಳನ್ನು ದಾಟಿ ರಾಯಚೂರಿನತ್ತ ಸಾಗುವಾಗ ನಡುವೆ ಸೈದಾಪುರ ಎಂಬ ನಿಲ್ದಾಣ ಸಿಗುತ್ತದೆ. ಕಿಟಕಿಯಿಂದ ಹೊರಗೆ ನೋಡಿದವರಿಗೆ ಬೋಳು ಬಂಡೆಗಳ ಗುಡ್ಡ, ಕೆಂಪು ಮಸಾರಿ, ಅದರ ಮಗ್ಗುಲಲ್ಲಿಯೇ ಕಪ್ಪು ಎರೆ ಹೊಲ, ತೊಗರಿ, ಹತ್ತಿ, ಜೋಳ ಕಾಣುತ್ತವೆ. ಪೂರ್ವಕ್ಕೆ ತುಸು ದೂರ ನಡೆದರೆ ತೆಲಂಗಾಣದ ಗಡಿ. ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಮಲೆನಾಡಿನ ಹಸಿರಿಗೆ ಒಗ್ಗಿದ ಕಣ್ಣು ಈ ಸೀಮೆಯನ್ನು ಮೊದಲ ಬಾರಿ ಕಂಡಾಗ ಹೇಳುವುದು ಒಂದೇ ಮಾತು: "ಇದು ನೀರಿಲ್ಲದ ನಾಡು."

ಈ ಮಾತಿನಲ್ಲಿ ಅರ್ಧ ನಿಜವಿದೆ. ಇಂದಿನ ಉಪನ್ಯಾಸದ ವಿಷಯ ಉಳಿದರ್ಧ.

ಅದನ್ನು ಘಟ್ಟದ ಹಳ್ಳಿಗಳಲ್ಲಿ ಕುಳಿತು ಚರ್ಚಿಸಲು ಕಾರಣವಿದೆ. ಬೇಡ್ತಿಯ ನೀರನ್ನು ವರದೆಗೆ ತಿರುಗಿಸಿ, ತುಂಗಭದ್ರೆಯ ಮೂಲಕ ರಾಯಚೂರು ಕಡೆಯ ಹೊಲಗಳಿಗೆ ಒಯ್ಯಬೇಕೆಂಬ ಪ್ರಸ್ತಾಪ ಮತ್ತೆ ಮತ್ತೆ ತಲೆಯೆತ್ತಿದೆ. ಆಗೆಲ್ಲ "ಬರದ ಜಿಲ್ಲೆಗಳು" ಎಂಬ ಎರಡು ಪದಗಳು ಪತ್ರಿಕೆಗಳಲ್ಲಿ ಬರುತ್ತವೆ. ಬಯಲಿನವರದು ದುರಾಸೆಯೆಂದು ಘಟ್ಟದವರೂ, ಘಟ್ಟದವರದು ಸ್ವಾರ್ಥವೆಂದು ಬಯಲಿನವರೂ ಭಾವಿಸುವುದು ಆಗ ಬಹಳ ಸುಲಭ. ಒಬ್ಬರ ನೆಲ ಇನ್ನೊಬ್ಬರಿಗೆ ತಿಳಿಯದಿರುವುದೇ ಈ ಸುಲಭದ ಮೂಲ. ರಾಯಚೂರಿನಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ಸೈದಾಪುರದ ಸೀಮೆಯನ್ನು ಒಂದು ನಿದರ್ಶನವಾಗಿ ಇಟ್ಟುಕೊಂಡು, ಬಯಲುಸೀಮೆಯೆಂಬುದು ನೀರಿಗಾಗಿ ಕಾಯುತ್ತಿರುವ ಖಾಲಿ ಜಾಗವೇ ಅಥವಾ ತನ್ನದೇ ಅರಿವುಳ್ಳ ಒಂದು ನಾಡೇ ಎಂಬುದನ್ನು ನೋಡಬಹುದು.

ಎರಡು ನದಿಗಳ ನಡುವೆ

ಯಾದಗಿರಿ ಹಿಂದೆ ಗುಲ್ಬರ್ಗಾ ಜಿಲ್ಲೆಯ ಭಾಗವಾಗಿತ್ತು. 2010ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ ಅಸ್ತಿತ್ವಕ್ಕೆ ಬಂದಿತು. ಆಗ ಇದ್ದುದು ಯಾದಗಿರಿ, ಶಹಾಪುರ, ಸುರಪುರವೆಂಬ ಮೂರು ತಾಲ್ಲೂಕುಗಳು. ಹುಣಸಗಿ, ವಡಗೇರಾ, ಗುರುಮಠಕಲ್ ತಾಲ್ಲೂಕುಗಳು ಅನಂತರದವು. ಜಿಲ್ಲೆಯ ದಕ್ಷಿಣಕ್ಕೆ ಕೃಷ್ಣೆ ಹರಿದರೆ, ಭೀಮೆ ಅದನ್ನು ನಡುವೆ ಸೀಳಿಕೊಂಡು ಹೋಗುತ್ತದೆ. ಸುರಪುರ, ಶಹಾಪುರಗಳು ಈ ಎರಡು ನದಿಗಳ ಮಡಿಲಿನಲ್ಲಿವೆ. ಯಾದಗಿರಿ ಪಟ್ಟಣವೂ ಸೈದಾಪುರವೂ ಭೀಮೆಯ ಪೂರ್ವದಲ್ಲಿವೆ. ಸೈದಾಪುರದ ದಕ್ಷಿಣ ದಿಕ್ಕಿನಲ್ಲಿ ಭೀಮೆ ಕೃಷ್ಣೆಯನ್ನು ಕೂಡುತ್ತದೆ.

ಎರಡೂ ನದಿಗಳು ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ: ಕೃಷ್ಣೆ ಮಹಾಬಳೇಶ್ವರದಲ್ಲಿ, ಭೀಮೆ ಭೀಮಾಶಂಕರದಲ್ಲಿ. ಭೀಮೆ ತನ್ನ 861 ಕಿಲೋಮೀಟರ್ ಪಯಣವನ್ನು ಮುಗಿಸುವುದು ಇದೇ ಸೀಮೆಯಲ್ಲಿ. ಬೆಳಗಾವಿ ಜಿಲ್ಲೆಯ ಕಣಕುಂಬಿಯ ಕಾಡಿನಲ್ಲಿ ಜನಿಸುವ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಿ, ನಾರಾಯಣಪುರದ ಜಲಾಶಯದ ಮೂಲಕ ಶಹಾಪುರದ ಕಾಲುವೆಗಳಿಗೆ ಇಳಿಯುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ ಯಾದಗಿರಿಯ ಕಡೆ ಬೀಳುವುದು ಹೆಚ್ಚುಕಡಿಮೆ 600ರಿಂದ 800 ಮಿಲಿಮೀಟರ್. ಅದೂ ಹದ ನೋಡಿ ಬಿದ್ದರೆ. ಹೀಗೆ ಇಲ್ಲಿನ ನದಿಗಳಲ್ಲಿ ಹರಿಯುವುದು ಬಹುಪಾಲು ಬೇರೆ ಸೀಮೆಯ ಮಳೆ.

ಆ ನೀರು ಕಣ್ಣೆದುರು ಹರಿದರೂ ಶತಮಾನಗಳ ಕಾಲ ಕೈಗೆ ಎಟುಕಲಿಲ್ಲ. ನದಿಯ ಪಾತ್ರ ಆಳ, ದಡ ಎತ್ತರ, ತಳ ಬಂಡೆ. ಸುರಪುರ ಸೀಮೆಯ ಅಂಚಿನ ಜಲದುರ್ಗದ ಬಳಿ ಕೃಷ್ಣೆ ಸುಮಾರು ಮೂರು ಮೈಲಿಗಳ ಅಂತರದಲ್ಲಿ 400 ಅಡಿಗಳಷ್ಟು ಕೆಳಗಿಳಿಯುತ್ತದೆ. ಅಂತಹ ನದಿಯಿಂದ ಹೊಲಕ್ಕೆ ನೀರೆತ್ತುವುದು ಎತ್ತಿನ ಕಪಿಲೆಗೆ ಸಾಧ್ಯವಾಗುವ ಮಾತಲ್ಲ.

ನದಿ ದೂರದ ಮಳೆಗೆ ಉಕ್ಕಿದರೆ ಏನಾಗುತ್ತದೆಂಬುದಕ್ಕೆ ಒಂದು ಘಟನೆ ಸಾಕು. ಸುರಪುರ ಸೀಮೆಯಲ್ಲಿ ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯ ಊರಿದೆ. 2014ರ ಮಳೆಗಾಲದಲ್ಲಿ ನದಿ ತುಂಬಿ ಊರಿನ ದಾರಿ ಕಡಿದಾಗ, ತುಂಬುಗರ್ಭಿಣಿಯೊಬ್ಬಳು ಹೆರಿಗೆಗೆ ಆಸ್ಪತ್ರೆ ಸಿಗಲೆಂದು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಆಸರೆಯಲ್ಲಿ, ಹೊಳೆಯನ್ನು ಈಜಿ ದಾಟಿದಳು. ಅಂದು ಆಕೆಯ ಊರಿನ ಮೇಲೆ ಮಳೆ ಸುರಿದಿತ್ತೋ ಇಲ್ಲವೋ, ನದಿ ತುಂಬಿದ್ದು ಪಶ್ಚಿಮದ ಘಟ್ಟಗಳಲ್ಲಿ ಬಿದ್ದ ಮಳೆಯಿಂದ. ಘಟ್ಟಕ್ಕೂ ಬಯಲಿಗೂ ಇರುವ ಸಂಬಂಧವನ್ನು ಯಾವ ಭೂಪಟವೂ ಇದಕ್ಕಿಂತ ಸ್ಪಷ್ಟವಾಗಿ ತೋರಿಸಲಾರದು.

ಹನ್ನೆರಡು ಲಕ್ಷ ವರ್ಷಗಳ ಒಕ್ಕಲು

ನೀರಿಲ್ಲದ ನಾಡಿನಲ್ಲಿ ಮನುಷ್ಯರು ನೆಲೆಸುವುದಿಲ್ಲ. ಆದರೆ ಭಾರತದಲ್ಲಿ ಮಾನವ ವಾಸದ ಅತಿ ಹಳೆಯ ಕುರುಹುಗಳಲ್ಲಿ ಕೆಲವು ದೊರೆತಿರುವುದು ಇಲ್ಲಿಯೇ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ದಶಕಗಳ ಕಾಲ ಅಧ್ಯಯನ ನಡೆಸಿದರು. ಅಲ್ಲಿನ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ಸ್ಥಳವೇ ಪತ್ತೆಯಾಯಿತು. ಪ್ರಾಣಿಗಳ ಹಲ್ಲಿನ ಪರೀಕ್ಷೆಯಿಂದ ಅದರ ಕಾಲ ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಿನದೆಂದು ಅಂದಾಜಾಗಿದೆ. ಮಳೆಗಾಲದಲ್ಲಿ ಈ ಜನ ಕಣಿವೆಯ ತುಂಬ ಚದುರಿ, ಬೇಸಿಗೆಯಲ್ಲಿ ಬತ್ತದ ಒರತೆಗಳಿದ್ದ ಹಳ್ಳದ ಬಳಿ ಒಟ್ಟುಗೂಡುತ್ತಿದ್ದರೆಂದು ಪದ್ದಯ್ಯನವರು ವಿವರಿಸಿದ್ದಾರೆ. ನೀರು ಇರುವಷ್ಟರಲ್ಲಿ ಬದುಕನ್ನು ಹೊಂದಿಸಿಕೊಳ್ಳುವ ವಿದ್ಯೆ ಈ ನೆಲದಲ್ಲಿ ಅಷ್ಟು ಹಳೆಯದು.

ಅದೇ ಸೀಮೆಯ ಬೂದಿಹಾಳದಲ್ಲಿ ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನ ಬೂದಿದಿಬ್ಬವಿದೆ. ದನಗಾಹಿಗಳು ತಮ್ಮ ದೊಡ್ಡಿಗಳಲ್ಲಿ ಕೂಡಿಬಿದ್ದ ಸಗಣಿಯನ್ನು ಸುಟ್ಟುದರಿಂದ ಇಂತಹ ದಿಬ್ಬಗಳು ಉಂಟಾದವು. ಊರಿನ ಹೆಸರಿನಲ್ಲಿಯೇ ಬೂದಿ ಉಳಿದುಕೊಂಡಿರುವುದು ಗಮನಾರ್ಹ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಜನರು ಗುಂಡುಗಲ್ಲುಗಳನ್ನು ಸಾಲುಸಾಲಾಗಿ ಹೂಡಿದ್ದಾರೆ. ಭೀಮೆಯ ದಡದಲ್ಲಿ ಮೇಲಕ್ಕೆ ಹೋದರೆ, ನೆರೆಯ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನವೂ, ಸಮೀಪದ ಕನಗನಹಳ್ಳಿಯಲ್ಲಿ ಅವನ ಹೆಸರನ್ನು ಕೆತ್ತಿದ ಶಿಲ್ಪವೂ ದೊರೆತಿವೆ.

ತಾಟಿನಲ್ಲಿ ಕಾಣುವ ಜಗತ್ತು

ಒಂದು ಸೀಮೆಯ ಚರಿತ್ರೆಯನ್ನು ಅರಸರ ಹೆಸರುಗಳಲ್ಲಿ ಓದುವಂತೆ ಊಟದ ತಾಟಿನಲ್ಲಿಯೂ ಓದಬಹುದು. ದಕ್ಷಿಣದ ನವಶಿಲಾಯುಗದ ಒಲೆಗಳ ಬಳಿ ದೊರೆತ ಕರಿದ ಕಾಳುಗಳಲ್ಲಿ ಮುಖ್ಯವಾದವು ಹುರುಳಿ, ಹೆಸರು ಮತ್ತು ಕೊರಲೆಯಂತಹ ಕಿರುಧಾನ್ಯಗಳು. ಇವು ಇಲ್ಲಿಯವೇ. ತೊಗರಿಯೂ ಭಾರತದ್ದೇ. ಆದರೆ ಸೈದಾಪುರದ ಮನೆಯಲ್ಲಿ ಬಡಿಯುವ ರೊಟ್ಟಿಯ ಜೋಳ ಆಫ್ರಿಕಾದಲ್ಲಿ, ಇಂದಿನ ಸುಡಾನ್ ದೇಶದ ಆಸುಪಾಸಿನಲ್ಲಿ, ಮೊದಲು ಒಕ್ಕಲಾದ ಬೆಳೆ. ಸಜ್ಜೆ ಅದೇ ಖಂಡದ ಪಶ್ಚಿಮ ಭಾಗದ್ದು. ಪುಂಡಿಪಲ್ಯೆಯ ಗಿಡದ ತವರೂ ಆಫ್ರಿಕಾ. ರೊಟ್ಟಿಗೆ ಹಚ್ಚಿಕೊಳ್ಳುವ ಗುರೆಳ್ಳು ಹಿಂಡಿಯ ಗುರೆಳ್ಳು ಇಥಿಯೋಪಿಯದ ಬೆಟ್ಟಸೀಮೆಯದು. ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕ ಖಂಡದಿಂದ ಹಡಗುಗಳಲ್ಲಿ ಬಂದು, ಪೋರ್ಚುಗೀಸರ ಕಾಲದ ಅನಂತರ ಒಳನಾಡಿಗೆ ಹಬ್ಬಿದವು.

ಆದ್ದರಿಂದ ಈ ನಾಡನ್ನು ಹೊರಗಿನ ಜ್ಞಾನಕ್ಕೆ ಬಾಗಿಲು ಮುಚ್ಚಿದ ಹಿಂದುಳಿದ ಸೀಮೆಯೆನ್ನುವುದು ಸರಿಯಲ್ಲ. ಇಲ್ಲಿನ ರೈತರು ಬೇರೆ ಬೇರೆ ಖಂಡಗಳ ಬೀಜಗಳನ್ನು ಸ್ವೀಕರಿಸಿದರು. ಆದರೆ ಹಾಗೆ ಸ್ವೀಕರಿಸುವಾಗ ಒಂದು ಪರೀಕ್ಷೆ ಇತ್ತು: ಈ ಮಳೆಗೆ, ಈ ಮಣ್ಣಿಗೆ ಅದು ಹೊಂದುವುದೇ? ಜೋಳ, ಸಜ್ಜೆ, ಗುರೆಳ್ಳು ಆ ಪರೀಕ್ಷೆಯಲ್ಲಿ ಗೆದ್ದವು; ಇಲ್ಲಿಯವೇ ಆದವು.

ಮಣ್ಣೇ ಕೆರೆ

ಎರೆ ಭೂಮಿಯ ಗುಣವನ್ನು ಮಲೆನಾಡಿನವರು ತಿಳಿಯುವುದು ಅಗತ್ಯ. ಏಕೆಂದರೆ ಘಟ್ಟದ ಜಂಬಿಟ್ಟಿಗೆ ಮಣ್ಣಿಗಿಂತ ಅದು ತೀರ ಭಿನ್ನ. ಎರೆಯ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಆಳದ ಬಿರುಕುಗಳು ಬಾಯ್ದೆರೆದಿರುತ್ತವೆ. ಮೊದಲ ಮಳೆ ಮೇಲೆ ಹರಿದುಹೋಗದೆ ಆ ಬಿರುಕುಗಳ ಮೂಲಕ ಆಳಕ್ಕೆ ಇಳಿಯುತ್ತದೆ. ಮೇಲ್ಮಣ್ಣು ಬಿರುಕಿನೊಳಗೆ ಉದುರಿ, ಕೆಳಗಿನದು ಉಬ್ಬಿ ಮೇಲಕ್ಕೆ ಬರುವುದರಿಂದ ಇದು ತನ್ನನ್ನು ತಾನೇ ಉಳುವ ನೆಲವೆಂದೂ ಹೆಸರಾಗಿದೆ.

ಒಳ್ಳೆಯ ಎರೆಯ ಒಂದು ಮೀಟರ್ ಆಳ, ಬೆಳೆಗೆ ದಕ್ಕುವಂತೆ, 150ರಿಂದ 200 ಮಿಲಿಮೀಟರ್ ನೀರನ್ನು ಹಿಡಿದಿಡಬಲ್ಲುದು. ಎಕರೆಗೆ ಲೆಕ್ಕ ಹಾಕಿದರೆ ಇದು ಆರರಿಂದ ಎಂಟು ಲಕ್ಷ ಲೀಟರ್. ಅಂದರೆ ಸುಮಾರು 40 ಸಾವಿರ ಎಕರೆ ಎರೆ ಭೂಮಿ ತನ್ನ ಒಡಲಿನಲ್ಲಿ ಒಂದು ಟಿಎಂಸಿ, ಎಂದರೆ ನೂರು ಕೋಟಿ ಘನ ಅಡಿ, ನೀರನ್ನು ಕಾಪಿಡುತ್ತದೆ. ಇದಕ್ಕೆ ಕಟ್ಟೆಯಿಲ್ಲ, ಮುಳುಗಡೆಯಿಲ್ಲ, ಕಾಲುವೆಯಿಲ್ಲ.

ಹಿಂಗಾರಿ ಜೋಳದ ಬೇಸಾಯ ನಿಂತಿರುವುದು ಈ ಗುಪ್ತ ಕೆರೆಯ ಮೇಲೆ. ಮುಂಗಾರಿನ ಉದ್ದಕ್ಕೂ ಹೊಲವನ್ನು ಕುಂಟೆಯಿಂದ ಹರಗಿ, ಕಳೆ ತೆಗೆದು, ಮಣ್ಣು ಮಳೆಯನ್ನು ಕುಡಿಯುವಂತೆ ಸಿದ್ಧಗೊಳಿಸುತ್ತಾರೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಕೂರಿಗೆಯಿಂದ ಬಿತ್ತುತ್ತಾರೆ. ಮುಂದೆ ಮಳೆ ಬಂದರೂ ಬಾರದಿದ್ದರೂ ಜೋಳದ ಬೇರು ತೇವವನ್ನು ಅರಸುತ್ತ ಕೆಳಗಿಳಿಯುತ್ತದೆ. ಬಿರುಕು ಬಿಡತೊಡಗಿದ ನೆಲದ ಮೇಲೆ ಎಡೆಕುಂಟೆ ಹೊಡೆದು ಪುಡಿಮಣ್ಣಿನ ಹೊದಿಕೆ ಮಾಡುವುದು ಒಳಗಿನ ತೇವ ಆರದಂತೆ ಮಾಡುವ ಉಪಾಯ. ಬೆಳೆಯ ನಡುವೆ ಅಕ್ಕಡಿ ಸಾಲುಗಳಲ್ಲಿ ಕಾಳು, ಎಣ್ಣೆಬೀಜಗಳನ್ನು ಇಡುವುದು ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲೆಂದು. ಉತ್ತಮ ವರ್ಷದ ಕಾಳನ್ನು ನೆಲದೊಳಗಿನ ಹಗೇವುಗಳಲ್ಲಿ ಬರಗಾಲಕ್ಕೆಂದು ತುಂಬಿಡುವುದೂ ಇದೇ ವಿವೇಕದ ಮುಂದುವರಿಕೆ.

ಎರೆ ಇಲ್ಲದ ಮಸಾರಿ ಭೂಮಿಗೆ ಈ ಶಕ್ತಿಯಿಲ್ಲ. ಅದು ತೆಳುವಾದದ್ದು, ಬೇಗ ಒಣಗುವಂಥದ್ದು. ಅದಕ್ಕಾಗಿಯೇ ಗುಡ್ಡಗಳ ಬುಡದಲ್ಲಿ ಕೆರೆಗಳನ್ನು ಕಟ್ಟಿದರು. ಸುರಪುರದ ಸಮೀಪದ ಬೋನಾಳ ಕೆರೆ 17ನೆಯ ಶತಮಾನದಲ್ಲಿ ನಾಯಕ ಅರಸರ ಕಾಲದಲ್ಲಿ ನಿರ್ಮಾಣವಾಗಿ, 19ನೆಯ ಶತಮಾನದಲ್ಲಿ ಪುನರುದ್ಧಾರಗೊಂಡಿತು. ಇಂದು ಅದು ಚಳಿಗಾಲದ ವಲಸೆ ಹಕ್ಕಿಗಳ ತಾಣವೆಂದು ಪ್ರಸಿದ್ಧವಾಗಿದೆ. ಸೈದಾಪುರ ಸೀಮೆಯ ಚಿಕ್ಕ ಕೆರೆಗಳದು ಇದೇ ಕುಲ.

ಕೋಟೆ, ಶರಣರು, ರೈಲು

ಇಂತಹ ನೆಲ ಬಡವಾಗಿದ್ದಿದ್ದರೆ ಸಾಮ್ರಾಜ್ಯಗಳು ಇದಕ್ಕಾಗಿ ಕಾದಾಡುತ್ತಿರಲಿಲ್ಲ. ದಕ್ಷಿಣದ ಕೃಷ್ಣಾ–ತುಂಗಭದ್ರಾ ದೋಆಬಿಗಾಗಿ ವಿಜಯನಗರಕ್ಕೂ ಬಹಮನಿ, ಆದಿಲಶಾಹಿ ದೊರೆಗಳಿಗೂ ನಡೆದ ಯುದ್ಧಗಳು ಸರ್ವವಿದಿತ. ಬಿಜಾಪುರದ ಮೊದಲ ಆದಿಲಶಾಹಿ ಸುಲ್ತಾನರ ಸಮಾಧಿಗಳು ಇರುವುದು ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ. ಮುಂದೆ ಬೇಡ ನಾಯಕರು ಸುರಪುರ ಸೀಮೆಯಲ್ಲಿ ತಲೆಯೆತ್ತಿದರು. ದಖ್ಖನ್ನಿನ ದೊಡ್ಡ ರಾಜ್ಯಗಳನ್ನು ನುಂಗಿದ್ದ ಔರಂಗಜೇಬನು ತನ್ನ ಬದುಕಿನ ಕೊನೆಯ ಮುತ್ತಿಗೆಯನ್ನು ಹಾಕಿದ್ದು 1705ರಲ್ಲಿ ಈ ನಾಯಕರ ವಾಗಿನಗೇರಾ ಕೋಟೆಗೆ.

ಇದೇ ನಾಡು ವಚನಕಾರ ದೇವರ ದಾಸಿಮಯ್ಯನ ಮುದನೂರನ್ನೂ, ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ತಿಂಥಣಿಯ ಮೌನೇಶ್ವರನನ್ನೂ ತನ್ನೊಡಲಲ್ಲಿ ಇರಿಸಿಕೊಂಡಿದೆ. ಗಡಿ ಮತ್ತೆ ಮತ್ತೆ ಬದಲಾದ ಊರುಗಳಲ್ಲಿ ಜನ ಕೂಡಿ ಬಾಳುವ ದಾರಿಯನ್ನು ತಾವೇ ಕಂಡುಕೊಂಡರೆಂಬುದಕ್ಕೆ ಇದು ಸಾಕ್ಷಿ.

19ನೆಯ ಶತಮಾನದಲ್ಲಿ ಬಾಲಕ ರಾಜ ವೆಂಕಟಪ್ಪ ನಾಯಕನ ಸಂಸ್ಥಾನದ ಆಡಳಿತವನ್ನು 1853ರವರೆಗೆ ನೋಡಿಕೊಂಡವನು ಫಿಲಿಪ್ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ. ಸುರಪುರದ ಗುಡ್ಡದ ಮೇಲೆ ಅವನ ಬಂಗಲೆ ಇಂದಿಗೂ ಇದೆ. ಬೋನಾಳ ಕೆರೆಯನ್ನು ದುರಸ್ತಿ ಮಾಡಿಸಿದವನೂ, ಈ ಸೀಮೆಯ ಶಿಲಾಗೋರಿಗಳ ಬಗ್ಗೆ ಮೊದಲು ಬರೆದವರಲ್ಲಿ ಒಬ್ಬನೂ ಅವನೇ. 1857ರ ಸಂಗ್ರಾಮದ ಕಾವು ಸುರಪುರಕ್ಕೂ ತಟ್ಟಿತು. 1858ರ ಫೆಬ್ರುವರಿಯಲ್ಲಿ ಸುರಪುರ ಬ್ರಿಟಿಷರ ವಶವಾಯಿತು; ಸೆರೆಯಾದ ತರುಣ ದೊರೆ ಅದೇ ವರ್ಷ ಗುಂಡೇಟಿನಿಂದ ಮೃತನಾದನು. ಸಂಸ್ಥಾನವನ್ನು 1860ರಲ್ಲಿ ಹೈದರಾಬಾದಿನ ನಿಜಾಮನಿಗೆ ಕೊಡಲಾಯಿತು. ಮುಂಬಯಿ ಮತ್ತು ಮದರಾಸುಗಳಿಂದ ಹೊರಟ ರೈಲುದಾರಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಆ ದಾರಿ ಸೈದಾಪುರದ ನೆಲದ ಮೇಲೆ ಹಾದುಹೋಯಿತು. ಅಂದಿನಿಂದ ಈ ಹೊಲಗಳ ಹತ್ತಿ, ಎಣ್ಣೆಬೀಜಗಳು ದೂರದ ಪೇಟೆಯ ಬೆಲೆಗೆ ಕಟ್ಟುಬಿದ್ದವು. 1948ರಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡಿತು, 1956ರಲ್ಲಿ ಈ ಭಾಗ ಕನ್ನಡ ರಾಜ್ಯವನ್ನು ಸೇರಿತು. ಹಿಂದುಳಿದಿರುವಿಕೆಯ ಪರಿಹಾರಕ್ಕೆಂದು ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದಿತು. ಇಲ್ಲಿ ಒಂದು ಮಾತನ್ನು ಗುರುತಿಸಬೇಕು: ಹಿಂದುಳಿದದ್ದು ಶಾಲೆ, ಆಸ್ಪತ್ರೆ, ರಸ್ತೆ, ನೌಕರಿಗಳಲ್ಲಿ. ಅದನ್ನು ಮಣ್ಣಿನ ದೋಷವೆಂದೋ ಮಳೆಯ ದೋಷವೆಂದೋ ಹೇಳಿ ಕೈತೊಳೆದುಕೊಳ್ಳುವಂತಿಲ್ಲ.

ಕಾಲುವೆ ತಂದದ್ದು

1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿರಿಸಿದರು. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿಯಿತು. ಮೇಲಿನ ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯೂ ಅನೇಕ ಹಳ್ಳಿಗಳೂ ಮುಳುಗಿದವು. ಮುಳುಗಡೆಯ ನೋವನ್ನು ಶರಾವತಿಯ ದಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾಲುವೆಯ ಉಪಕಾರವನ್ನು ಅಲ್ಲಗಳೆಯುವುದು ಅನ್ಯಾಯ. ಸುರಪುರ, ಶಹಾಪುರಗಳ ಎಷ್ಟೋ ಮನೆಗಳು ಮೊದಲ ಬಾರಿಗೆ ಎರಡು ಬೆಳೆ ಕಂಡವು. ಗುಳೆ ಹೋಗುತ್ತಿದ್ದವರು ಊರಿನಲ್ಲಿ ನಿಂತರು. ಆದರೆ ಯೋಜನೆಯನ್ನು ರೂಪಿಸಿದ್ದು ಜೋಳ, ಶೇಂಗಾ, ಹತ್ತಿ, ಕಾಳುಗಳಂತಹ ಮಿತನೀರಿನ ಬೆಳೆಗಳಿಗೆ; ಬಂದದ್ದು ಭತ್ತ. ಭತ್ತಕ್ಕೆ ಸುಮಾರು 1200 ಮಿಲಿಮೀಟರ್ ನೀರು ಬೇಕು. ಜೋಳಕ್ಕೆ 400ರಿಂದ 500 ಸಾಕು. ಒಬ್ಬನ ಭತ್ತದ ಗದ್ದೆ ಕುಡಿಯುವ ನೀರಿನಲ್ಲಿ ಅಷ್ಟೇ ಅಳತೆಯ ಎರಡೂವರೆ ಜೋಳದ ಹೊಲಗಳು ಬದುಕಬಲ್ಲವು. ಕಾಲುವೆಯ ತಲೆಭಾಗದಲ್ಲಿ ನೀರು ನಿಂತು, ಕೊನೆಭಾಗದ ರೈತ ತೂಬಿನ ಬಳಿ ಕಾಯುವ ಸ್ಥಿತಿ ಉಂಟಾದದ್ದು ಹೀಗೆ. ಇಂತಹ ಕೊನೆಭಾಗವನ್ನು ದೂರದಿಂದ ನೋಡುವವರು "ನದಿಯಲ್ಲಿ ನೀರು ಸಾಲದು, ಇನ್ನೊಂದು ನದಿ ಬೇಕು" ಎನ್ನುತ್ತಾರೆ.

ಮಣ್ಣಿನ ಕತೆ ಇನ್ನೂ ಗಂಭೀರ. ತಾನೇ ಕೆರೆಯಾಗಿರುವ ಎರೆ ಭೂಮಿಯ ಮೇಲೆ ಬಸಿಗಾಲುವೆಗಳಿಲ್ಲದೆ ವರ್ಷವಿಡೀ ನೀರು ನಿಲ್ಲಿಸಿದರೆ ಅಂತರ್ಜಲ ಮೇಲೇರುತ್ತದೆ. ಅದರೊಡನೆ ಆಳದ ಲವಣವೂ ಮೇಲೆ ಬಂದು, ನೀರು ಆವಿಯಾದ ಮೇಲೆ ಬಿಳಿಯ ಪೊರೆಯಾಗಿ ಉಳಿಯುತ್ತದೆ. ನೀರಾವರಿ ಸೀಮೆಯ ರೈತರು ಸವಳು–ಜವಳು ಎನ್ನುವುದು ಇದನ್ನೇ. ಬೇಡದಷ್ಟು ನೀರು ಬೇಕಾದ ನೆಲವನ್ನೇ ಕೊಲ್ಲುತ್ತದೆ.

ಇದು ಹೊಸ ಪಾಠವಲ್ಲ. ಯೂಫ್ರೆಟಿಸ್, ಟೈಗ್ರಿಸ್ ನದಿಗಳ ನಡುವಿನ ಸುಮೇರಿಯದಲ್ಲಿ, ನಾಲ್ಕು ಸಾವಿರ ವರ್ಷಗಳ ಹಿಂದೆ, ಕಾಲುವೆ ನೀರಿನಿಂದ ಭೂಮಿ ಉಪ್ಪಾಗುತ್ತ ಹೋದಂತೆ ರೈತರು ಗೋಧಿಯನ್ನು ಬಿಟ್ಟು ಉಪ್ಪು ತಾಳುವ ಬಾರ್ಲಿಗೆ ಸರಿದರೆಂದು ಮಣ್ಣಿನ ಫಲಕಗಳ ಲೆಕ್ಕಪತ್ರಗಳನ್ನು ಓದಿದ ವಿದ್ವಾಂಸರು ಹೇಳಿದ್ದಾರೆ. ಮಧ್ಯ ಏಷ್ಯಾದ ಪರ್ವತಗಳಿಂದ ಇಳಿಯುವ ಎರಡು ನದಿಗಳನ್ನು ಸೋವಿಯತ್ ಆಡಳಿತ 1960ರಿಂದೀಚೆಗೆ ಹತ್ತಿ ಹೊಲಗಳಿಗೆ ತಿರುಗಿಸಿತು. ಅರಲ್ ಸಮುದ್ರದ ಬಹುಭಾಗ ಒಣಗಿ ಉಪ್ಪಿನ ಮರಳುಗಾಡಾಯಿತು. ಈಜಿಪ್ಟಿನ ನೈಲ್ ಪ್ರವಾಹದ ಬಹುಪಾಲು ಬರುವುದು, ಗುರೆಳ್ಳಿನ ತವರಾದ ಇಥಿಯೋಪಿಯದ ಬೆಟ್ಟಗಳಿಂದ. ಸಾವಿರಾರು ವರ್ಷ ಆ ಪ್ರವಾಹ ಹೊಲಗಳಿಗೆ ಹೂಳನ್ನು ತಂದು ಲವಣವನ್ನು ತೊಳೆಯುತ್ತಿತ್ತು. 1970ರಲ್ಲಿ ಆಸ್ವಾನ್ ಅಣೆಕಟ್ಟು ಪೂರ್ಣವಾದ ಮೇಲೆ ಬರದ ಭಯ ತಗ್ಗಿತು, ವಿದ್ಯುತ್ತು ಬಂದಿತು. ಹೂಳು ನಿಂತಿತು, ಗೊಬ್ಬರದ ಖರ್ಚೂ ಸವಳೂ ಹೆಚ್ಚಿದವು. ಈ ಯಾವ ದೇಶದಲ್ಲಿಯೂ ನೀರು ಕೆಟ್ಟದ್ದಾಗಿರಲಿಲ್ಲ. ಮಣ್ಣನ್ನು ಕೇಳದೆ ನೀರನ್ನು ತಂದದ್ದು ಕೆಟ್ಟದ್ದಾಯಿತು.

ಸೈದಾಪುರದ ಇಂದು

ನಾರಾಯಣಪುರದ ಕಾಲುವೆಗಳ ನೀರು ಬಹುಪಾಲು ಭೀಮೆಯ ಪಶ್ಚಿಮಕ್ಕೇ ನಿಲ್ಲುತ್ತದೆ. ಪೂರ್ವದ ಸೈದಾಪುರ ಸೀಮೆ ಈಗಲೂ ಹೆಚ್ಚಾಗಿ ಮಳೆಯನ್ನೂ ಬಾವಿ, ಕೆರೆಗಳನ್ನೂ ನಂಬಿದೆ. ಭೀಮೆಯ ಹರಿವನ್ನು ಮೇಲೆ ಮಹಾರಾಷ್ಟ್ರದ ಉಜನಿ ಜಲಾಶಯ ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಪಾತ್ರ ಒಣಗುವುದುಂಟು; 2020ರ ಅಕ್ಟೋಬರಿನಲ್ಲಿ ಅದೇ ನದಿ ಉಕ್ಕಿ ದಡದ ಬೆಳೆಗಳನ್ನು ಕೊಚ್ಚಿಕೊಂಡು ಹೋಯಿತು.

ಇದರ ಮೇಲೆ ಹೊಸ ಹೊರೆಗಳು ಬಂದಿವೆ. ಸೈದಾಪುರದ ನೆರೆಯ ಕಡೇಚೂರು–ಬಾಡಿಯಾಳ ಪ್ರದೇಶದಲ್ಲಿ ಕೈಗಾರಿಕೆಗಳಿಗೆಂದು ಮೂರು ಸಾವಿರ ಎಕರೆಗೂ ಮಿಕ್ಕಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲಾಯಿತು. ಊರಿನ ಮಕ್ಕಳಿಗೆ ನೌಕರಿ ಎಂಬುದು ಅಂದಿನ ಭರವಸೆ. ಅನಂತರ ಬಂದ ರಾಸಾಯನಿಕ ಮತ್ತು ಔಷಧ ಘಟಕಗಳ ದುರ್ವಾಸನೆಯನ್ನೂ ಹಳ್ಳಕ್ಕೆ ಸೇರುವ ತ್ಯಾಜ್ಯವನ್ನೂ ಕುರಿತು ಸುತ್ತಲಿನ ಹಳ್ಳಿಗಳವರು ದೂರುತ್ತ ಬಂದಿದ್ದಾರೆ. ಭೀಮೆಯ ಆಚೆ, ಸುಲ್ತಾನರ ಸಮಾಧಿಗಳಿರುವ ಗೋಗಿಯ ನೆಲದಡಿಯಲ್ಲಿ ಯುರೇನಿಯಂ ಅದಿರು ಪತ್ತೆಯಾಗಿ, ಪರಿಶೋಧನಾ ಗಣಿಯನ್ನೂ ತೋಡಲಾಯಿತು. ಬಾವಿಗಳ ನೀರು ಏನಾದೀತೆಂಬ ಭಯದಿಂದ ಅಲ್ಲಿನ ಜನ ವಿರೋಧಿಸಿದರು. "ಬರಡು ಭೂಮಿ" ಎಂಬ ಹೆಸರು ಯಾರಿಗೆ ಅನುಕೂಲವೆಂಬುದು ಇಲ್ಲಿ ತಿಳಿಯುತ್ತದೆ. ಬರಡೆಂದು ಕರೆದ ಮೇಲೆ ಅದರ ಮೇಲೆ ಏನನ್ನಾದರೂ ಸುರಿಯಬಹುದು, ಅದರ ಕೆಳಗಿನಿಂದ ಏನನ್ನಾದರೂ ಅಗೆಯಬಹುದು. ಘಟ್ಟದ ಕಾಡನ್ನು "ಪಾಳುಬಿದ್ದ ಸಂಪತ್ತು" ಎಂದವರೂ, ಪಶ್ಚಿಮದ ನದಿಗಳನ್ನು "ವ್ಯರ್ಥವಾಗಿ ಸಮುದ್ರ ಸೇರುವ ನೀರು" ಎಂದವರೂ ಆಡಿದ್ದು ಇದೇ ಭಾಷೆ.

ಕಾಲುವೆ ಬಾರದ ಹಳ್ಳಿಗಳಿಂದ ಇಂದಿಗೂ ಜನ ಗುಳೆ ಹೋಗುತ್ತಾರೆ: ಬೆಂಗಳೂರು, ಹೈದರಾಬಾದು, ಮುಂಬಯಿ ನಗರಗಳ ಕಟ್ಟಡಗಳಿಗೆ, ಮಲೆನಾಡಿನ ರಸ್ತೆ ಕೆಲಸಕ್ಕೆ, ತೋಟಗಳಿಗೆ. ಅಡಿಕೆ ತೋಟದಲ್ಲಿ ಮಣ್ಣು ಹೊರುವ ಹೆಂಗಸು ತನ್ನ ಊರಿನಲ್ಲಿ ಮಣ್ಣಿನ ತೇವವನ್ನು ಮುಷ್ಟಿಯಲ್ಲಿ ಹಿಚುಕಿ ನೋಡಿ ಬಿತ್ತನೆಯ ದಿನ ಹೇಳಬಲ್ಲವಳಾಗಿರಬಹುದು. ಅವಳನ್ನು "ಬಯಲುಸೀಮೆಯ ಕೂಲಿ" ಎಂದಷ್ಟೇ ತಿಳಿದರೆ ಒಂದು ವಿದ್ಯಾಲಯವನ್ನೇ ಬಾಗಿಲಲ್ಲಿ ನಿಲ್ಲಿಸಿದಂತೆ.

ಒಂದೇ ಚರಗ

ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯಂದು ಬಸುರಾದ ಭತ್ತದ ಗದ್ದೆಗೆ ಬಯಕೆಯ ಊಟ ಒಯ್ದು ಚರಗ ಬೀರುತ್ತಾರೆ. ಯಾದಗಿರಿಯ ಕಡೆ ಎಳ್ಳ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಹಿಂಗಾರಿ ಜೋಳದ ಹೊಲಕ್ಕೆ ಹೋಗಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯೆಗಳನ್ನು ಭೂತಾಯಿಗೆ ಅರ್ಪಿಸಿ ಚರಗ ಚೆಲ್ಲುತ್ತಾರೆ. ಎರಡಕ್ಕೂ ಒಂದೇ ಪದ. ಒಂದು ಮಳೆ ಮುಗಿಯುವ ಹೊತ್ತಿನ ಹಬ್ಬ, ಇನ್ನೊಂದು ಮಳೆ ಮುಗಿದು ಮಣ್ಣಿನ ತೇವವೊಂದೇ ಉಳಿದಿರುವ ಹೊತ್ತಿನ ಹಬ್ಬ. ಎರಡೂ ಕಡೆಯ ಹಿರಿಯರು ಭೂಮಿಯನ್ನು ತಮ್ಮ ಬಳಕೆಗೆಂದೇ ಇಟ್ಟ ವಸ್ತುವೆಂದು ಎಣಿಸಲಿಲ್ಲ. ಬಸುರಿಯೆಂದು ಕಂಡರು, ಕೇಳಿ ಬಡಿಸಿದರು.

ಘಟ್ಟದ ಕಾಡು ನದಿಗಳ ಮೊದಲ ಜಲಾಶಯ. ಕಾಡಿನ ನೆಲ ಮಳೆಯನ್ನು ಹಿಡಿದು ನಿಧಾನವಾಗಿ ಬಿಟ್ಟರೆ ನೀಲಕಂಠರಾಯನಗಡ್ಡಿಯಂತಹ ಊರಿನ ಮೇಲೆ ಪ್ರವಾಹದ ಏಟು ತಗ್ಗುತ್ತದೆ, ಬೇಸಿಗೆಯ ಭೀಮೆಯಲ್ಲಿ ಸ್ವಲ್ಪವಾದರೂ ನೀರುಳಿಯುತ್ತದೆ. ಆದ್ದರಿಂದ ಘಟ್ಟದಲ್ಲಿ ಉಳಿಸುವ ಪ್ರತಿ ಸೊಪ್ಪಿನ ಬೆಟ್ಟ, ಪ್ರತಿ ದೇವರ ಕಾಡು ಬಯಲಿನ ರೈತನಿಗೂ ಸಲ್ಲುವ ಸೇವೆ. ಬಯಲಿನ ಎರೆ ಕೊನೆಯ ಜಲಾಶಯ. ಅದನ್ನು ಸವಳಾಗದಂತೆ, ವಿಷವಾಗದಂತೆ ಉಳಿಸುವ ಪ್ರತಿ ಹೋರಾಟ ಘಟ್ಟದ ನದಿಗಳ ಮೇಲಿನ ಒತ್ತಡವನ್ನು ಇಳಿಸುವ ಕಾರ್ಯ. ನಡುವಿನ ಕೆರೆಗಳ ಹೂಳು ತೆಗೆದು, ಒಡ್ಡುಗಳನ್ನು ಸರಿಪಡಿಸಿ, ಕಾಲುವೆಯ ನೀರನ್ನು ತಲೆಭಾಗದ ಭತ್ತದಿಂದ ಕೊನೆಭಾಗದ ಜೋಳ, ತೊಗರಿಗೆ ತಲುಪಿಸಿದರೆ, ಇನ್ನೊಂದು ನದಿಯನ್ನು ತಿರುಗಿಸುವ ಮೊದಲು ಮಾಡಬೇಕಾದ ಕೆಲಸ ಬಹಳವಿದೆಯೆಂಬುದು ಎರಡೂ ಕಡೆಯವರಿಗೆ ಕಾಣುತ್ತದೆ. ಆ ಕೆಲಸಕ್ಕೆ ಹಣವನ್ನೂ ಶ್ರದ್ಧೆಯನ್ನೂ ಕೇಳುವ ಹಕ್ಕು ಸೈದಾಪುರದವರಿಗಿದೆ. ಅವರ ಪರವಾಗಿ ಆ ದನಿಗೆ ದನಿಗೂಡಿಸುವ ಕರ್ತವ್ಯ ಘಟ್ಟದವರಿಗಿದೆ. "ನಮ್ಮ ನದಿಯನ್ನು ಮುಟ್ಟಬೇಡಿ" ಎಂಬ ಮಾತು ಅಲ್ಲಿಗೇ ನಿಂತರೆ ಅದು ಅರ್ಧ ಮಾತು.

ವಿದ್ಯಾರ್ಥಿ ಮಿತ್ರರು ಒಂದು ಸಣ್ಣ ಕೆಲಸ ಮಾಡಬಹುದು. ಈ ಬೇಸಿಗೆಯಲ್ಲಿ ತಮ್ಮ ಊರಿನ ರಸ್ತೆಗೋ ತೋಟಕ್ಕೋ ಯಾದಗಿರಿ, ಶಹಾಪುರ, ಸುರಪುರಗಳಿಂದ ದುಡಿಯಲು ಬಂದವರು ಸಿಕ್ಕರೆ, ಅವರ ಊರಿನ ಕೆರೆಯ ಹೆಸರೇನು, ಹೊಲ ಎರೆಯೋ ಮಸಾರಿಯೋ, ಅಜ್ಜಿ ಯಾವ ಯಾವ ಜೋಳದ ತಳಿಗಳನ್ನು ಬಿತ್ತುತ್ತಿದ್ದಳು ಎಂದು ಕೇಳಿ ಬರೆದುಕೊಳ್ಳಲಿ. ತಮ್ಮ ಊರಿನ ಹಳ್ಳ ಹರಿದು ಯಾವ ಯಾವ ಊರುಗಳನ್ನು ದಾಟಿ ಹೋಗುತ್ತದೆಂಬುದನ್ನು ಅವರಿಗೆ ಹೇಳಲಿ. ಭೂಗೋಳದ ಪಾಠ ಪುಸ್ತಕದಲ್ಲಿ ಮುಗಿಯುವುದಿಲ್ಲ. ಅದು ಹೀಗೆ, ಇಬ್ಬರು ಎದುರುಬದುರು ಕುಳಿತಾಗ ಆರಂಭವಾಗುತ್ತದೆ.